ಬಾಗಿಲ ಬಳಿಯ ಜಾಗ

ಅಲ್ಮಾಟಿ, ನವೆಂಬರ್ ೧೪, ಗುರುವಾರ

ಇವತ್ತೂ ಹೊಗಳಿದರು. ನನ್ನೂರು ದುಶಾಂಬೆ ಬಿಟ್ಟು ಗಡಿ ದಾಟಿ ಬಂದು ಈ ಲೇಖಕರ ಕೂಟಕ್ಕೆ ಸೇರಿದಾಗಿನಿಂದ ಅದೇ ಬೆಲ್ಲದ ಪಾಕ. ಪರದೇಶದವಳೆಂದು ನನ್ನನ್ನು ಬಾಗಿಲಿನಿಂದ ದೂರದ ಗೌರವದ ಜಾಗದಲ್ಲಿ ಕೂರಿಸಿ, ತಟ್ಟೆ ತುಂಬ ಕುದುರೆ ಮಾಂಸ ಬಡಿಸಿ, ತಾವು ಓದದ ನನ್ನ ಕಥೆಗೆ ತಲೆದೂಗುತ್ತಾರೆ. "ನಿಮ್ ಕಡೆಯೋರು ಬರೆದ್ರೆ ಕೇಳ್ಬೇಕಾ, ಜೇನುತುಪ್ಪ ಕಣಮ್ಮಾ," ಅಂದ ಕವಿ ಸೆಯ್ತ್ಕಾಲಿ. ಅವನಿಗೆ ಕೊಟ್ಟಿದ್ದ ಕಥೆಯ ಪ್ರತಿ, ಸಾರಿನ ಬೋಗುಣಿಯ ಕೆಳಗೆ ಮಡಚಿದಂತೆಯೇ ಇತ್ತು.

ಬದುಕೆಲ್ಲ ಸಂಪಾದಕಿಯಾಗಿದ್ದ ಮನೆಯೊಡತಿ ಕುಲ್ಯಾಶ್ ಅಜ್ಜಿ ಮಾತ್ರ ಹೊಗಳಲೂ ಇಲ್ಲ, ತೆಗಳಲೂ ಇಲ್ಲ. ಕೇಳಿದರೆ, "ಮನೆಗೆ ಬಂದ ನೆಂಟರಲ್ಲಿ ತಪ್ಪು ಹುಡುಕೋದು ನಮ್ಮಲ್ಲಿಲ್ಲ," ಅಂದಳು.

ನನಗೆ ರೇಗಿತು. ಎದ್ದು ಹೋಗಿ, ಮನೆಯ ಸೊಸೆ ಕೂತು ಚಹಾ ಬಗ್ಗಿಸುವ ಬಾಗಿಲ ಬಳಿಯ ಜಾಗದಲ್ಲಿ ಕೂತೆ. ಅವಳ ಕೈಯಿಂದ ಕೆಟಲ್ ಕಿತ್ತುಕೊಂಡು ಎಲ್ಲರಿಗೂ ಬಗ್ಗಿಸಿದೆ.

"ಈಗ ನಾನು ನೆಂಟಳಲ್ಲ. ಹೇಳಿ."

ಅಜ್ಜಿ ಕನ್ನಡಕ ಏರಿಸಿದಳು. "ಮೊದಲ್ನೇ ಆರು ಪುಟ ಒಲೆಗ್ಹಾಕು. ನಿನ್ನ ಕಥೇಲಿರೋ ಮುದುಕಿ ಸಾಯೋ ಮುಂಚೆ ಅಷ್ಟೊಂದು ಮಾತಾಡ್ತಾಳಲ್ಲ, ಸತ್ರೆ ಸಾಕಪ್ಪಾ ಅನ್ಸುತ್ತೆ. ಚಹಾನೂ ತಣ್ಣಗಿದೆ."

ಸೆಯ್ತ್ಕಾಲಿ ಕಿಸಕ್ಕನೆ ನಕ್ಕ. ಓದದ ಕತ್ತೆ.

ಅಜ್ಜಿಯ ಮಾತು ಅಕ್ಷರಶಃ ನಿಜ. ಇಷ್ಟು ದಿನ ನಾನು ಬಾಯಿಬಿಟ್ಟು ಬೇಡಿದ್ದೂ ಅದನ್ನೇ. ಆದರೆ ಆ ಕ್ಷಣ ನನ್ನ ಕಣ್ಣು ಹೋದದ್ದೆಲ್ಲಿಗೆ? ಬಿಟ್ಟು ಬಂದ ಗೌರವದ ಜಾಗ ಇನ್ನೂ ಖಾಲಿ ಇದೆಯೇ ಎಂದು ನೋಡಲು. ಥೂ, ನನ್ನ ಜನ್ಮಕ್ಕಿಷ್ಟು!