ಓಣಿಗೊಂದೇ ನಂಬರು

ನವೆಂಬರ್ 11, ಮಂಗಳವಾರ

ಶಾಲೆ ಮುಗಿಸಿ ಮತ್ತೆ ಕೆಳಗಿನ ಓಣಿ. ಪಂಚಾಯ್ತಿ ಚುನಾವಣೆಯ ಮತದಾರರ ಪಟ್ಟಿ ಪರಿಶೀಲನೆ ಈ ಸಲ ಪೂರ್ತಿ ಆ್ಯಪ್‌ನಲ್ಲಿ. ಕಾಗದವಿಲ್ಲ, ಕೂಡ್ಲಿಗಿ ತಾಲೂಕು ಕಚೇರಿಗೆ ಅಲೆದಾಟವಿಲ್ಲ. ಮನೆಗಳಿಗೆಲ್ಲ ಬೀಗ — ಕಾಫಿ ಹಣ್ಣು ಬಿಡಿಸಲು ಚಿಕ್ಕಮಗಳೂರಿನ ಕಡೆ ಹೋಗಿದ್ದಾರೆ. ಉಳಿದವರು ಪಕ್ಕೀರಮ್ಮ, ಆಕೆಯ ಮಗ ತಿಪ್ಪೇಶ. ಓಣಿಯ ಪಿಂಚಣಿ, ರೇಷನ್, ಗ್ಯಾಸ್, ಎಲ್ಲ ಮೆಸೇಜೂ ಅವನ ಫೋನಿಗೇ. ಹೋಗುವ ಮುಂಚೆ ವೋಟಿಗೂ ಎಲ್ಲರೂ ಅದೇ ನಂಬರ್ ಕೊಟ್ಟಿದ್ದಾರೆ. ಒಂದೇ ಸಾಕು, ಬೇಗ ಮುಗಿಯುತ್ತದೆ ಅಂದವಳು ನಾನೇ.

"ನಮ್ಮ ಓಣಿಗೆ ನಾನ ಟವರ್ ರೀ, ಟೀಚರಮ್ಮ!"

"ಹೌದಪ್ಪಾ ಟವರು. ಒಂದ್ ಕೊಡ ನೀರು ತಾ ಅಂದ್ರ ಸಿಗ್ನಲ್ ಇರಂಗಿಲ್ಲ," ಪಕ್ಕೀರಮ್ಮ.

ಇದೇ ಊರಿನವರೆಂದು ಖಚಿತಪಡಿಸಲು ಒಬ್ಬೊಬ್ಬರಿಗೂ ಒಂದೊಂದು ಓಟಿಪಿ. ಅವನದು ಆಯಿತು. ಅಷ್ಟರಲ್ಲಿ ಸರ್ವರ್ ಡೌನ್. ಉಳಿದದ್ದು ನಾಳೆ.

ನವೆಂಬರ್ 12

ಫೋನ್ ಸ್ವಿಚ್ ಆಫ್. ಬೇಜವಾಬ್ದಾರಿ ಹುಡುಗ ಅಂದುಕೊಂಡೆ.

ನವೆಂಬರ್ 14

ತಿಪ್ಪೇಶ ಇಲ್ಲ. ಮೊನ್ನೆ ಬೆಳಿಗ್ಗೆ, ಹೈವೇಯಲ್ಲಿ, ಲಾರಿ...

ನಿನ್ನೆ ಮಣ್ಣು ಮಾಡಿದ್ದಾರೆ. ಪಕ್ಕೀರಮ್ಮನ ಎದುರು ಕುಳಿತಿದ್ದೆ. ಫೋನಿನ ವಿಷಯ ಕೇಳಬಾರದಿತ್ತು. ಕೇಳಿದೆ.

"ಅವನ ಕೈಯಾಗ ಇಟ್ಟು ಕಳಿಸೀವ್ರಿ. ಅವರಪ್ಪಗ ಎಲಿಅಡಿಕಿ ಚೀಲ ಇಟ್ಟಿದ್ವಿ, ಇವಗ ಅದು. ಅದಿಲ್ದ ಉಣ್ತಿದ್ದಿಲ್ಲ ನನ್ನ ಮಗ."

ನವೆಂಬರ್ 24

ನಂಬರ್ ಬದಲಿಸಲು ಹೋದರೆ ಹಳೆಯ ನಂಬರಿಗೇ ಓಟಿಪಿ. ಅದೇ ನಂಬರಿಗೆ ಹೊಸ ಸಿಮ್ ತೆಗೆಸಲು ಮರಣ ಪತ್ರ ಬೇಕು. ಇನ್ನೂ ಬಂದಿಲ್ಲ. ಪರಿಶೀಲನೆಗೆ ಇವತ್ತೇ ಕೊನೆ ದಿನ. ತಾಲೂಕು ಕಚೇರಿಯ ಸಾಹೇಬರಿಗೆ ಎಲ್ಲ ವಿವರಿಸಿದೆ.

"ಸಿಸ್ಟಮ್ ತಗೊಳಂಗಿಲ್ಲ ಮೇಡಂ. ಹೆಸರು ತೆಗೀತೀವಂತ ಎಲ್ಲರಿಗೂ ನೋಟಿಸ್ ಮೆಸೇಜ್ ಹೋಗೇತಲ್ಲ?"

ಎಲ್ಲಿಗೆ ಹೋಗಿದೆ ಎಂದು ಇನ್ನೊಮ್ಮೆ ಹೇಳಬಹುದಿತ್ತು. "ಹೂಂ ಸರ್" ಅಂದೆ. ಯಾಕೆ ಅಂದೆ?

ಡಿಸೆಂಬರ್ 16

ಪಟ್ಟಿ ಬಂತು. ಕೆಳಗಿನ ಓಣಿಯವರೆಲ್ಲ 'ಊರು ಬಿಟ್ಟವರು'. ಪಕ್ಕೀರಮ್ಮ ಕೂಡ — ದಿನಾ ಅದೇ ಕಟ್ಟೆಯ ಮೇಲೆ ಕೂರುವವಳು. ಈ ಚುನಾವಣೆಗೆ ಇನ್ನು ಸೇರಿಸಲು ಬರುವುದಿಲ್ಲ. ಉಳಿದಿರುವುದು ಒಂದೇ ಹೆಸರು. ತಿಪ್ಪೇಶ.

ಅದನ್ನು ತೆಗೆಸಬೇಕಾಗುತ್ತದೆ ಎಂದು ಪಕ್ಕೀರಮ್ಮನಿಗೆ ಹೇಳಿದೆ.

"ಅವನದರ ಇರ್ಲಿ ಬಿಡ್ರಿ. ವೋಟು ಕೇಳಾಕ ಬರ್ತಾರಲ್ಲ, ಬಾಗಿಲಾಗ ನಿಂತು ಅವನ ಹೆಸರು ಕೂಗ್ಲಿ."

ಡಿಸೆಂಬರ್ 21, ಸಂಜೆ

ಪಕ್ಕೀರಮ್ಮನ ಎದುರು ಮನೆಯ ದುರುಗಣ್ಣನ ಫೋನ್. ತೋಟದಿಂದ, ಮೇಸ್ತ್ರಿಯ ಮೊಬೈಲಿನಲ್ಲಿ.

"ತಿಪ್ಪನ ಮಣ್ಣಿಗೆ ಬರಾಕ ಆಗ್ಲಿಲ್ರಿ. ಪಂಚಾಯ್ತಿ ವೋಟಿಗರ ರಜಾ ಕೊಡಂತ ಹೊಡದಾಡಿ ಇಸ್ಕೊಂಡೀವಿ. ಓಣಿ ಮಂದಿ ಎಲ್ಲಾ ಒಂದ ಗಾಡಿ ಮಾಡ್ಕೊಂಡು ಬರ್ತೀವಿ. ಎಲ್ಲಾ ಸರಿ ಐತಲ್ರಿ, ಟೀಚರಮ್ಮ?"

ಹಿಂದೆ ಹೆಂಗಸರು ನಗುತ್ತಿದ್ದರು. ಯಾರೋ ಒಬ್ಬಳು ಊರಿಗೆ ಯಾವ ಸೀರೆ ಎಂದು ಕೇಳುತ್ತಿದ್ದಳು.

ಹೇಳಲೇಬೇಕಿತ್ತು. "ಗಾಡಿ ಮಾಡಬೇಡಿ, ದುರುಗಣ್ಣ..." ಅಂದೆ. "ನಾನು —"