ಅವ್ವ ತಿಂದ ಗೋಡೆಯ ಮಣ್ಣು

ಅಪ್ಪಾ,

ಇವತ್ತು ಪೀಣ್ಯದ ಫ್ಯಾಕ್ಟರಿಯಲ್ಲಿ ಹೊಲಿಗೆ ಯಂತ್ರದ ಮುಂದೆಯೇ ತಲೆ ತಿರುಗಿ ಬಿದ್ದೆ. ಬಾಗಲಗುಂಟೆಯ ಡಾಕ್ಟರಮ್ಮ ಕಣ್ಣಿನ ರೆಪ್ಪೆ ಎಳೆದು ನೋಡಿ ರಕ್ತ ಪರೀಕ್ಷೆ ಮಾಡಿಸಿದರು. ಆಮೇಲೆ ಮೆಲ್ಲಗೆ, "ಮಣ್ಣು, ಬಳಪ ಏನಾದ್ರೂ ತಿಂತೀಯೇನಮ್ಮಾ?" ಎಂದರು. ನಾಚಿಕೆಯಿಂದಲೇ ಹೂಂ ಎಂದೆ. ಬಳಪ ನನ್ನ ಚೀಲದಲ್ಲೇ ಇತ್ತು.

ಅವರು ನಗಲಿಲ್ಲ. "ಮೈಯಲ್ಲಿ ಕಬ್ಬಿಣದ ಅಂಶ ಕಮ್ಮಿ ಆದ್ರೆ ಕೆಲವ್ರಿಗೆ ಹಂಗೆ ಆಸೆ ಆಗುತ್ತೆ. ತಿಂಗಳು ತಿಂಗಳು ರಕ್ತ ಹೋಗೋದು ಜಾಸ್ತಿ, ಊಟದಲ್ಲಿ ಬರೋದು ಕಮ್ಮಿ. ಮಾತ್ರೆ ತಗೋ, ಟೀ ಜೊತೆ ಮಾತ್ರ ಬೇಡ" ಎಂದರು.

ಅದು ಕಾಯಿಲೆ, ಅಪ್ಪಾ! ಬಸುರಿ ಅವ್ವ ಗೋಡೆ ಕೆರೆದು ತಿನ್ನುವಾಗ ನೀನು ಓಣಿಯವರನ್ನೆಲ್ಲ ಕರೆದು ತೋರಿಸಿದೆ. "ನೋಡ್ರಿ, ನಮ್ಮಾಕಿ ಮನೀನ ತಿಂದು ಮುಗಸ್ತಾಳ!" ಎಲ್ಲರೂ ನಕ್ಕರು. ಅವ್ವ ನನ್ನ ಕಡೆ ನೋಡಿದಳು. ಹೆರಿಗೆಯಲ್ಲಿ ಅವಳು ಸತ್ತಾಗ, ಮೈಯಲ್ಲಿ ರಕ್ತವೇ ಇರಲಿಲ್ಲ ಎಂದರು. ನೀನು ಹಣೆಬರಹ ಎಂದೆ.

ಈಗ ನೀನು ಕಟ್ಟಿಕೊಂಡ ಚಿಗವ್ವನೂ ಬಸುರಿ. ಅವಳೂ ಒಲೆಯ ಮಣ್ಣು ತಿನ್ನುತ್ತಾಳೆಂದು ಮೊನ್ನೆ ಫೋನಿನಲ್ಲಿ ಹೇಳಿ ನಕ್ಕೆಯಲ್ಲ, ಆಗಲೂ ನಾನು ಸುಮ್ಮನಿದ್ದೆ.

ಈ ಕಾಗದ ನಿನಗೆ ಹಾಕುವುದಿಲ್ಲ. ನಾಳೆ ನಾನೇ ಊರಿಗೆ ಬಂದು ಚಿಗವ್ವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ನಗುವುದಾದರೆ ನನ್ನೆದುರು ನಗು.