ಈಗ ಎಲ್ಲಿ ಕೂತಿದ್ದೀರಿ?

ಲ್ಯಾಂಕಾಸ್ಟರ್, ಒಹಾಯೊ
ಅಕ್ಟೋಬರ್ 14

ಪ್ರೀತಿಯ ವಿಲ್ಡಾ,

ಹೇಗಿದ್ದೀಯೆ? ನಿನ್ನ ಮೂರು ಕಾಗದಗಳೂ ತಲುಪಿವೆ, ಒಂದಕ್ಕೂ ಉತ್ತರ ಬರೆಯಲಿಲ್ಲ. ಇವಳಿಗೇನು ಧಾಡಿ ಎಂದು ಬೈದುಕೊಂಡಿರುತ್ತೀಯೆ. ಬೈಯಿ, ಆದರೆ ಮೊದಲು ಇದನ್ನು ಓದು: ನಾವು ಗೆದ್ದೆವು ಕಣೇ.

ನಮ್ಮ ಎರಡೂ ರಾಜ್ಯಗಳು ಸೇರಿದ ಒಪ್ಪಂದ ಕಡೆಗೂ ಜಾರಿಗೆ ಬಂತು. ನನ್ನ ಒಹಾಯೊ ವಾಕ್-ಚಿಕಿತ್ಸೆಯ ಲೈಸೆನ್ಸಿನ ಬಲದ ಮೇಲೆ ಇನ್ನು ನಿಮ್ಮ ವೆಸ್ಟ್ ವರ್ಜೀನಿಯಾದವರಿಗೂ ಮಾತು ಕಲಿಸಬಹುದು. ನಾಲ್ಕು ವರ್ಷ ಶಾಸಕರ ತಲೆ ತಿಂದದ್ದು ಸಾರ್ಥಕವಾಯಿತು. ಅನುಮತಿ ಬಂದ ದಿನ ಮನೆಯಲ್ಲಿ ಒಬ್ಬಳೇ ಕುಣಿದೆ, ಮಂಡಿ ಇನ್ನೂ ನೋಯುತ್ತಿದೆ.

ನಿಮ್ಮೂರಿನ ಹೋಬರ್ಟ್ ಗೊತ್ತಲ್ಲ, ದೋಣಿ ರಿಪೇರಿಯವನು? ಪಾರ್ಶ್ವವಾಯು ಹೊಡೆದು ಮಾತು ನಿಂತಿತ್ತು. ನಾನು ವಿಡಿಯೊದಲ್ಲಿ ಪಾಠ ಮಾಡುವವಳಾದರೂ, ರೋಗಿ ಕೂತಿರುವ ರಾಜ್ಯದ ಲೈಸೆನ್ಸು ಇರಬೇಕೆಂಬುದು ಕಾನೂನು. ಅದಕ್ಕೇ ನನ್ನ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಈಗ ಎಲ್ಲಿ ಕೂತಿದ್ದೀರಿ?" ಪಾಪ, ಅವನ ಹೆಂಡತಿ ಮಾವಿಸ್ ವಾರವಾರವೂ ಗಡಿಯ ಸೇತುವೆ ದಾಟಿ, ನಮ್ಮ ಒಹಾಯೊ ಕಡೆಯ ಚರ್ಚಿನ ಅಂಗಳದಲ್ಲಿ ಕಾರು ನಿಲ್ಲಿಸಿ ಫೋನ್ ಹಿಡಿಯುತ್ತಿದ್ದಳು. ಹನ್ನೊಂದು ವಾರ ಅವನು ಕಾರಿನ ಗಾಜನ್ನೇ ನೋಡುತ್ತ ಕೂತ. ಒಂದಕ್ಷರ ಹೊರಡಲಿಲ್ಲ.

ಮೊನ್ನೆ ಮಂಗಳವಾರವೂ ಕೇಳಿದೆ.

"ನಮ್ಮನೇಲೇ ಕಣಮ್ಮ, ಅಡುಗೆಮನೇಲಿ. ಪೆಟ್ರೋಲೂ ಉಳೀತು" ಎಂದಳು ಮಾವಿಸ್.

ಪಾಠದ ಗಲಾಟೆಯಲ್ಲಿ ಒಲೆಯಲ್ಲಿದ್ದ ಜೋಳದ ಬ್ರೆಡ್ಡನ್ನು ಮರೆತೇಬಿಟ್ಟಿದ್ದಳು. ಹೋಬರ್ಟ್ ಮೂಗರಳಿಸಿದ. ಎರಡು ಸಲ ಬಾಯಿ ತೆರೆದು ಮುಚ್ಚಿದ.

"ಮಾ... ಮಾವಿಸ್. ಸೀದ್ಹೋಯ್ತು."

ಅವಳು ಅಲ್ಲಾಡಲಿಲ್ಲ. "ಸೀಯ್ಲಿ ಬಿಡು. ಇನ್ನೊಂದ್ಸಲ ಹೇಳು" ಅಂದಳು. ಹೇಳಿದ, ಈ ಸಲ ಒಂದು ಬೈಗುಳದ ಸಮೇತ. ಅಲ್ಲಿ ಹೊಗೆಯಲ್ಲಿ ಅವರಿಬ್ಬರು, ಇಲ್ಲಿ ಹೊಗೆಯಿಲ್ಲದೆ ನಾನು, ಅತ್ತದ್ದೇ ಅತ್ತದ್ದು. ಇಷ್ಟು ವರ್ಷದ ಕೆಲಸದಲ್ಲಿ ಇಂಥ ಸಂತೋಷ ಕಂಡಿರಲಿಲ್ಲ.

ಚಳಿ ಶುರುವಾಗಿದೆ, ಕಾಲಿಗೆ ಉಣ್ಣೆಯದನ್ನು ಹಾಕಿಕೋ. ದೇವರು ನಿನ್ನನ್ನು ಬೆಚ್ಚಗಿಡಲಿ.

ನಿನ್ನ
ಕೊರಿನ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯವಿರಲಿಲ್ಲ. ಐದು ವರ್ಷದ ಹಿಂದೆ ನಿನ್ನ ಗಂಡ ರಾಯ್ಸ್‌ಗೂ ಹೀಗೇ ಮಾತು ಹೋದಾಗ, ನೀನು ನನಗೆ ವಿಡಿಯೊ ಕರೆ ಮಾಡಿದ್ದೆ. ಎಲ್ಲಿ ಕೂತಿದ್ದೀರಿ ಎಂದು ನಿನ್ನನ್ನೂ ಕೇಳಿದೆ. "ನಮ್ಮನೇಲೇ ಕಣೇ, ಇನ್ನೆಲ್ಲಿ?" ಅಂದೆ ನೀನು. ಹಾಗಾದರೆ ಆಗುವುದಿಲ್ಲ ಎಂದು ನಾನು ಫೋನ್ ಇಟ್ಟೆ. ಮುಂದಿನ ತಿಂಗಳು ಅವನು ನಿನ್ನ ಹೆಸರು ಹೇಳದೆಯೇ ಹೋದ. ಸುಳ್ಳು ಹೇಳಲು ನಿನಗೆಂದೂ ಬಂದಿಲ್ಲ. ನಾನು ಕೇಳದೇ ಇರಬಹುದಿತ್ತು, ವಿಲ್ಡಾ.